ಓದುಗರ ಪ್ರಶ್ನೆ: ಚರ್ಚಿನ ನೆಲಮಾಳಿಗೆಯಲ್ಲಿ ಒಣಗಿ ಉಳಿದ ದೇಹಗಳನ್ನು ನೋಡಲು ಹೋಗುವ ಮುನ್ನ

ಕಳೆದ ಸಂಚಿಕೆಯ ಅಂಕಣದ ಕೊನೆಯಲ್ಲಿ, ಐರ್ಲೆಂಡಿನ ಡಬ್ಲಿನ್ ನಗರದ ಸೇಂಟ್ ಮಿಕನ್ಸ್ ಚರ್ಚಿನ ನೆಲಮಾಳಿಗೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಎಣ್ಣೆ, ಲೇಪನ, ಔಷಧ ಯಾವುದೂ ಇಲ್ಲದೆ ಶತಮಾನಗಳಿಂದ ಒಣಗಿ ಉಳಿದ ಮನುಷ್ಯ ದೇಹಗಳು ಅಲ್ಲಿವೆ ಎಂಬ ಆ ಮಾತಿಗೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಮೂವತ್ತು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸಿದ ನನಗೆ ಈ ವಿಷಯ ಮನಸ್ಸಿಗೆ ಬಹಳ ಹತ್ತಿರವಾದದ್ದರಿಂದ, ಈ ತಿಂಗಳ ಅಂಕಣವನ್ನು ಇದೊಂದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮ ಮಗಳು ಡಬ್ಲಿನ್ನಿನಲ್ಲಿ ಸ್ಟಾಫ್ ನರ್ಸ್ ಆಗಿದ್ದಾಳೆ. ಬರುವ ಬೇಸಿಗೆಯಲ್ಲಿ ನನ್ನನ್ನೂ ಅವರಪ್ಪನನ್ನೂ ಕರೆಸಿಕೊಳ್ಳುತ್ತಿದ್ದಾಳೆ. ನೀವು ಬರೆದ ಚರ್ಚನ್ನು ತೋರಿಸುತ್ತೇನೆ ಎನ್ನುತ್ತಾಳೆ. ನಾವು ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಆದರೆ ಚರ್ಚಿನ ಕೆಳಗೇ ಹೆಣಗಳನ್ನು ಇಡುತ್ತಿದ್ದರು ಎಂದು ಕೇಳಿರಲಿಲ್ಲ. ಅಲ್ಲಿ ನಿಜಕ್ಕೂ ಏನಿದೆ? ಮೊಣಕಾಲು ನೋವಿರುವ ನಾನು ಇಳಿಯಬಹುದೇ?
— ಒಬ್ಬ ತಾಯಿ, ಬೀದರ್

ಉತ್ತರ: ತಾಯಿ, ವಿಜಯಪುರದ ಗೋಲಗುಮ್ಮಟವನ್ನು ನೀವು ನೋಡಿರಬಹುದು. ಗುಮ್ಮಟದ ಕೆಳಗೆ, ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗಾಗಿ ಇಟ್ಟವು. ಆದಿಲ್‌ಶಾಹಿ ಸುಲ್ತಾನನನ್ನೂ ಅವನ ಮನೆಯವರನ್ನೂ ಹೂಳಿದ ನಿಜವಾದ ಗೋರಿಗಳು ಅದೇ ಜಾಗದ ನೇರ ಕೆಳಗೆ ನೆಲಮಾಳಿಗೆಯಲ್ಲಿವೆ. ಯುರೋಪಿನ ಹಳೆಯ ಚರ್ಚುಗಳಲ್ಲಿಯೂ ಪ್ರಾರ್ಥನೆಯ ಸ್ಥಳದ ಕೆಳಗೆ ಕಲ್ಲಿನ ಕಮಾನು ಕಟ್ಟಿ, ಪಾದ್ರಿಗಳನ್ನೂ ಊರಿನ ಹಿರಿಯ ಮನೆತನದವರನ್ನೂ ಶವಪೆಟ್ಟಿಗೆಯ ಸಮೇತ ಅಲ್ಲಿ ಇಡುತ್ತಿದ್ದರು. ಮಣ್ಣಿನಲ್ಲಿ ಹೂಳದೆ, ಗಾಳಿ ಇರುವ ಕೋಣೆಯಲ್ಲಿ ಇಟ್ಟರು ಎಂಬುದನ್ನು ನೆನಪಿಡಿ. ಮುಂದಿನ ಉತ್ತರಕ್ಕೆ ಅದು ಬೇಕಾಗುತ್ತದೆ.

ಸೇಂಟ್ ಮಿಕನ್ಸ್ ಚರ್ಚಿನ ಸ್ಥಾಪನೆ 1095ರಷ್ಟು ಹಿಂದಿನದು. ಈಗ ಕಾಣುವ ಕಟ್ಟಡ 1686ರ ಸುಮಾರಿಗೆ ಮತ್ತೆ ಕಟ್ಟಿದ್ದು. ನಾನು ಮಗನೊಂದಿಗೆ ಅಲ್ಲಿಗೆ ಹೋದದ್ದು 2018ರಲ್ಲಿ. ಚರ್ಚಿನ ಅಂಗಳದಲ್ಲಿ ನೆಲಕ್ಕೆ ಓರೆಯಾಗಿ ಕೂರಿಸಿದ ಕಬ್ಬಿಣದ ಬಾಗಿಲನ್ನು ಮಾರ್ಗದರ್ಶಿ ಎತ್ತಿದಾಗ, ಕೆಳಗೆ ಕಡಿದಾದ ಇಕ್ಕಟ್ಟಿನ ಕಲ್ಲಿನ ಮೆಟ್ಟಿಲುಗಳು ಕಂಡವು. ಹೊರಗೆ ಜಿಟಿಜಿಟಿ ಮಳೆ ಇತ್ತು. ಕೊನೆಯ ಮೆಟ್ಟಿಲು ಇಳಿದು ಗೋಡೆಗೆ ಅಂಗೈ ಇಟ್ಟರೆ ಕಲ್ಲು ತಣ್ಣಗಿತ್ತು, ಆದರೆ ತೇವ ಕೈಗೆ ಹತ್ತಲಿಲ್ಲ. ಉದ್ದನೆಯ ಓಣಿಯಂಥ ದಾರಿಯ ಎರಡೂ ಬದಿಗೆ ಮನೆತನಗಳ ಕೋಣೆಗಳು, ಅವುಗಳಲ್ಲಿ ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆಯಲ್ಲಿ ಸೇರಿದ್ದಕ್ಕಾಗಿ 1798ರಲ್ಲಿ ಮರಣದಂಡನೆಗೆ ಗುರಿಯಾದ ಶಿಯರ್ಸ್ ಸಹೋದರರೂ ಈ ನೆಲಮಾಳಿಗೆಯಲ್ಲೇ ಇದ್ದಾರೆ. ಒಂದು ಓಣಿಯ ಕೊನೆಗೆ ಮುಚ್ಚಳವಿಲ್ಲದ ನಾಲ್ಕು ಪೆಟ್ಟಿಗೆಗಳು, ಮುಂದೆ ಮೂರು, ಹಿಂದೆ ಒಂದು. ಹಿಂದಿನದರಲ್ಲಿದ್ದ ಎತ್ತರದ ಮನುಷ್ಯನಿಗೆ 'ಧರ್ಮಯೋಧ' ಎಂಬ ರೂಢಿಯ ಹೆಸರು. ಅವನ ಚರ್ಮ ಹದ ಮಾಡಿದ ತೊಗಲಿನ ಬಣ್ಣಕ್ಕೆ ತಿರುಗಿತ್ತು. ಒಂದು ಕೈ ಸ್ವಲ್ಪ ಮೇಲಕ್ಕೆ ಎದ್ದಂತಿತ್ತು, ಬೆರಳಿನ ಮೇಲೆ ಉಗುರು ಇತ್ತು. ಸಾವಿರಾರು ಗಂಟೆ ಶವಗಳ ಜೊತೆ ಕೆಲಸ ಮಾಡಿದ ನಾನು ಆ ಉಗುರನ್ನು ನೋಡಿ ಮಾತಿಲ್ಲದೆ ನಿಂತೆ.

ಇಷ್ಟು ಹೇಳಿದ ಮೇಲೆ ದುಃಖದ ಮಾತನ್ನೂ ಹೇಳಬೇಕಾಗಿದೆ. 2019ರ ಫೆಬ್ರವರಿಯಲ್ಲಿ ಯಾರೋ ಒಳಗೆ ನುಗ್ಗಿ ಆ ಯೋಧನ ತಲೆಯನ್ನೇ ಕದ್ದೊಯ್ದರು. ಮುಂದಿನ ತಿಂಗಳು ಪೊಲೀಸರು ಅದನ್ನು ಹುಡುಕಿ ತಂದರು. 2024ರ ಜೂನ್‌ನಲ್ಲಿ ನೆಲಮಾಳಿಗೆಗೆ ಬೆಂಕಿ ಹಚ್ಚಲಾಯಿತು. ಬೆಂಕಿ, ಹೊಗೆ, ಅದನ್ನು ನಂದಿಸಲು ಹರಿಸಿದ ನೀರು, ಇವೆಲ್ಲ ಸೇರಿ ಆ ದೇಹಗಳಿಗೆ ಭಾರೀ ಹಾನಿಯಾಯಿತು. ನೂರಾರು ವರ್ಷ ತೇವ ತಾಗದೆ ಉಳಿದವರಿಗೆ ಒಂದೇ ದಿನ ಅಷ್ಟು ನೀರು ಬಿತ್ತು ಎಂದು ಓದಿದಾಗ ನನಗೆ ಪರಿಚಯದವರ ಮನೆಯ ಸುದ್ದಿ ಕೇಳಿದಂತಾಯಿತು. ಆದ್ದರಿಂದ ನಿಮ್ಮ ಮಗಳು ಮೊದಲು ಚರ್ಚಿನವರನ್ನೇ ವಿಚಾರಿಸಿ, ನೆಲಮಾಳಿಗೆ ತೆರೆದಿದೆಯೇ, ಈಗ ಏನನ್ನು ತೋರಿಸುತ್ತಾರೆ ಎಂದು ಖಾತ್ರಿ ಮಾಡಿಕೊಳ್ಳಲಿ. ಮೆಟ್ಟಿಲು ಇಳಿಯಲು ಆಗದಿದ್ದರೂ ಮೇಲಿನ ಚರ್ಚನ್ನು ನೋಡಿ, ಅಲ್ಲಿ ಕುಳಿತು ಪ್ರಾರ್ಥನೆ ಮಾಡಿ ಬನ್ನಿ. ಇಳಿಯುವುದಾದರೆ ಹಿಂದಕ್ಕೆ ತಿರುಗಿ, ಏಣಿ ಇಳಿಯುವ ಹಾಗೆ, ಒಂದು ಕೈಯನ್ನು ಮಗಳಿಗೆ ಕೊಟ್ಟು ಇಳಿಯಿರಿ. ಸೀರೆಗಿಂತ ಚೂಡಿದಾರ್ ಅನುಕೂಲ.

ಪ್ರಶ್ನೆ: ಯಾರೂ ಏನೂ ಮಾಡದೆ ದೇಹ ಕೊಳೆಯದೆ ಉಳಿಯುವುದು ಹೇಗೆ ಸಾಧ್ಯ ಸರ್? ನಮ್ಮ ಕಲಬುರಗಿಯ ಬಿಸಿಲಿಗೆ ಏನಿಟ್ಟರೂ ಒಣಗುತ್ತದೆ. ಹಾಗಿದ್ದರೆ ನಮ್ಮ ಸ್ಮಶಾನಗಳಲ್ಲಿ ಏಕೆ ಹೀಗಾಗುವುದಿಲ್ಲ?
— ಬಿ.ಎಸ್ಸಿ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಪ್ರಶ್ನೆಯ ಎರಡನೆಯ ಭಾಗ ನನಗೆ ಬಹಳ ಹಿಡಿಸಿತು, ಏಕೆಂದರೆ ಉತ್ತರದ ಬೀಜ ಅದರಲ್ಲೇ ಇದೆ. ಮನುಷ್ಯನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಉಸಿರು ನಿಂತ ಕೂಡಲೇ ಜೀವಕೋಶಗಳು ತಮ್ಮೊಳಗಿನ ಕಿಣ್ವಗಳಿಂದಲೇ ಕರಗತೊಡಗುತ್ತವೆ. ಬದುಕಿದ್ದಾಗ ಕರುಳಿನಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಾಗಳು ದೇಹದ ತುಂಬ ಹರಡುತ್ತವೆ. ಈ ಎರಡೂ ಕೆಲಸಕ್ಕೆ ನೀರು ಬೇಕೇ ಬೇಕು. ಕೊಳೆಯುವುದು ಮುಗಿಯುವುದರೊಳಗೆ ನೀರು ಹೊರಟುಹೋದರೆ ಬ್ಯಾಕ್ಟೀರಿಯಾಗಳ ಕೆಲಸ ನಡುವೆಯೇ ನಿಲ್ಲುತ್ತದೆ, ಚರ್ಮ ಬಿಗಿದು ಎಲುಬಿಗೆ ಅಂಟಿ ತೊಗಲಾಗುತ್ತದೆ. ಚೈತ್ರದ ಬಿಸಿಲಿಗೆ ಮಾಳಿಗೆಯ ಮೇಲೆ ಹಾಕಿದ ಸಂಡಿಗೆ ಸಂಜೆಯೊಳಗೆ ಖಡಕ್ ಆಗುತ್ತದೆ, ಅದನ್ನೇ ಶ್ರಾವಣದ ಮೋಡದಲ್ಲಿ ಹಾಕಿದರೆ ಬೂಸ್ಟು ಹಿಡಿಯುತ್ತದೆ. ಹಿಟ್ಟು ಒಂದೇ, ಕೈ ಒಂದೇ. ನೀರು ಹೊರಗೆ ಹೋಗುವ ವೇಗ ಮಾತ್ರ ಬೇರೆ.

ನಮ್ಮ ಸ್ಮಶಾನಗಳಲ್ಲಿ ದೇಹ ಇರುವುದು ಬಿಸಿಲಿನಲ್ಲಲ್ಲ, ಎರೆ ಮಣ್ಣಿನಲ್ಲಿ. ಮಳೆಗಾಲದಲ್ಲಿ ಆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ. ಹುಳು, ಬೇರು, ಶಿಲೀಂಧ್ರ ಎಲ್ಲಕ್ಕೂ ದಾರಿ ಇರುತ್ತದೆ. ಗಾಳಿಯಾಡದ ಒದ್ದೆ ಜಾಗದಲ್ಲಿ ಇನ್ನೊಂದು ಬದಲಾವಣೆಯೂ ಆಗುವುದುಂಟು: ದೇಹದ ಕೊಬ್ಬು ಸಾಬೂನಿನಂಥ ಬಿಳಿ ಗಟ್ಟಿ ಪದಾರ್ಥವಾಗಿ ಮಾರ್ಪಡುತ್ತದೆ. ಅದೂ ಆಕಾರವನ್ನು ಉಳಿಸಬಲ್ಲದು, ಆದರೆ ನಾವು ಮಾತನಾಡುತ್ತಿರುವ ಒಣಗುವಿಕೆ ಅದಲ್ಲ.

ಚರ್ಚಿನ ನೆಲಮಾಳಿಗೆಯನ್ನು ಅರ್ಥ ಮಾಡಿಕೊಳ್ಳಲು ನಮ್ಮ ಹಿರಿಯರ ಹಗೇವನ್ನು ನೆನೆಯಿರಿ. ನೆಲದಲ್ಲಿ ಆಳವಾಗಿ ತೋಡಿ, ತಳಕ್ಕೂ ಸುತ್ತಲೂ ಕಣಿಕೆ, ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹೊರಗೆ ಸುಡು ಬಿಸಿಲಿರಲಿ, ಮಾಗಿಯ ಚಳಿ ಇರಲಿ, ಒಳಗಿನ ಉಷ್ಣತೆ ಹೆಚ್ಚು ಏರುಪೇರಾಗುತ್ತಿರಲಿಲ್ಲ. ನೀರು ಇಳಿಯದ ಜಾಗ ನೋಡಿ ತೋಡಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಶಹಾಬಾದ್ ಕಲ್ಲು ಹಾಸಿದ ಹಳೆಯ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಬರಿನೆಲದ ಮೇಲೆ ಮಲಗಿದವರಿಗೂ ಈ ತಂಪು ಗೊತ್ತು. ಸೇಂಟ್ ಮಿಕನ್ಸ್ ನೆಲಮಾಳಿಗೆಯದೂ ಸುಣ್ಣಕಲ್ಲೇ. ಅದು ಗಾಳಿಯ ತೇವವನ್ನು ಹೀರಿ ಒಳಗನ್ನು ಒಣದಾಗಿ ಇಟ್ಟಿತು ಎಂಬುದು ಅಲ್ಲಿ ಕೊಡುವ ವಿವರಣೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಹಗೇವು ಗಾಳಿಯನ್ನು ಪೂರ್ತಿ ಮುಚ್ಚುತ್ತದೆ. ಕಾಳಿನ ಉಸಿರಾಟದಿಂದಲೇ ಅದರೊಳಗೆ ವಿಷಗಾಳಿ ಕೂಡುವುದರಿಂದ, ಬಾಯಿ ತೆರೆದ ಕೂಡಲೇ ಇಳಿದವರು ಸತ್ತದ್ದೂ ಉಂಟು, ಕಂದೀಲು ಇಳಿಸಿ ನೋಡುತ್ತಿದ್ದದ್ದೂ ಅದಕ್ಕೇ. ಶವ ಒಣಗಬೇಕಾದರೆ ಮಂದವಾಗಿಯಾದರೂ ಗಾಳಿ ಆಡುತ್ತಿರಬೇಕು, ಹೊರಬಿದ್ದ ತೇವವನ್ನು ಅದು ಹೊತ್ತುಕೊಂಡು ಹೋಗಬೇಕು. ಇಂದಿನ ಚೆಕ್ ಗಣರಾಜ್ಯದ ಬ್ರನೊ ಊರಿನ ಕಪುಚಿನ್ ಸನ್ಯಾಸಿಗಳ ಮಠದಲ್ಲಿ ಇದಕ್ಕಾಗಿ ಗೋಡೆಗಳಲ್ಲಿ ಗಾಳಿಗಿಂಡಿಗಳೇ ಇದ್ದವು.

ಇದಕ್ಕಿಂತ ಒಳ್ಳೆಯ ಉದಾಹರಣೆ ಹಂಗೇರಿಯ ವಾತ್ಸ್ ಎಂಬ ಊರಿನದು. ಅಲ್ಲಿನ ಡೊಮಿನಿಕನ್ ಚರ್ಚಿನ ದುರಸ್ತಿ ನಡೆದಿದ್ದಾಗ, 1994ರಲ್ಲಿ, ಗೋಡೆ ಕಟ್ಟಿ ಮುಚ್ಚಿ ಮರೆತೇಹೋಗಿದ್ದ ನೆಲಮಾಳಿಗೆ ಸಿಕ್ಕಿತು. ಬಣ್ಣದ ಚಿತ್ತಾರ ಬರೆದ ಪೆಟ್ಟಿಗೆಗಳು ಸೂರಿನವರೆಗೂ ಪೇರಿಸಿದ್ದವು. ಅವುಗಳಲ್ಲಿ 265 ಜನರ ದೇಹಗಳಿದ್ದವು, ಹಲವರ ಹೆಸರು, ತೀರಿಕೊಂಡ ದಿನ ಪೆಟ್ಟಿಗೆಯ ಮೇಲೆಯೇ ಬರೆದಿತ್ತು. ಆ ಜಾಗ ವರ್ಷವಿಡೀ ತಂಪು, ಸುಮಾರು 8ರಿಂದ 11 ಡಿಗ್ರಿ ಸೆಲ್ಸಿಯಸ್. ಅಲ್ಲಿನ ಗಾಳಿ ಬಹಳ ಒಣಗಾಳಿಯೇನೂ ಆಗಿರಲಿಲ್ಲ. ಆದರೂ ದೇಹಗಳು ಉಳಿದದ್ದಕ್ಕೆ ಎರಡು ಕಾರಣ: ಒಂದು, ಸದಾ ನಿಧಾನವಾಗಿ ಆಡುತ್ತಿದ್ದ ಗಾಳಿ, ಇನ್ನೊಂದು, ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಪೈನ್ ಮರದ ಹೊಟ್ಟು. ಹೊಟ್ಟು ದ್ರವವನ್ನು ಹೀರಿಕೊಂಡಿತು, ಅದರ ರಾಳದ ಅಂಶ ಸೂಕ್ಷ್ಮಜೀವಿಗಳನ್ನು ತಡೆಯಿತು. ಹಾಸಿದ ಬಡಗಿಗೆ ಹೆಣ ಅಲುಗಾಡದೆ ಇರಲಿ ಎಂಬುದಷ್ಟೇ ಮನಸ್ಸಿನಲ್ಲಿ ಇದ್ದಿರಬೇಕು ಎಂದು ನನ್ನ ಊಹೆ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಸೇಂಟ್ ಮೈಕೆಲ್ ಚರ್ಚಿನಡಿಯ ದೇಹಗಳೂ ಹೀಗೆಯೇ ತಂಪು, ಗಾಳಿ, ಮರದ ಹೊಟ್ಟಿನಿಂದ ಒಣಗಿ ಉಳಿದವು.

ಪ್ರಶ್ನೆ: ಅಂಥ ಜಾಗದಲ್ಲಿ ವಾಸನೆ ಇರುತ್ತದೆಯೇ? ಹಳೆಯ ಕಾಯಿಲೆ ಅಂಟುವ ಭಯವಿಲ್ಲವೇ?
— ಗೃಹಿಣಿ, ಸೇಡಂ

ಉತ್ತರ: ಕೊಳೆತ ವಾಸನೆ ಇರುವುದಿಲ್ಲ, ಬಹಳ ದಿನ ಬೀಗ ಹಾಕಿದ್ದ ಕೋಣೆಯ ಧೂಳಿನ ವಾಸನೆ ಇರುತ್ತದೆ. ಕಾಯಿಲೆಯ ವಿಷಯಕ್ಕೆ ವಾತ್ಸ್ ಊರಿನ ಸಂಶೋಧನೆಯನ್ನೇ ಹೇಳುತ್ತೇನೆ. ಅಲ್ಲಿನ ದೇಹಗಳಲ್ಲಿ ಹಲವಕ್ಕೆ ಟಿ.ಬಿ. ತಗಲಿತ್ತು; 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಟು ದೇಹಗಳಿಂದ 14 ಕ್ಷಯಾಣುಗಳ ಜೀನೋಮ್, ಅಂದರೆ ಡಿ.ಎನ್.ಎ.ಯ ಪೂರ್ಣ ಬರಹ, ಓದಿದ್ದಾರೆ. ಅಂದರೆ ಹದಿನೆಂಟನೆಯ ಶತಮಾನದ ಒಬ್ಬನೇ ರೋಗಿಯಲ್ಲಿ ಒಂದಕ್ಕಿಂತ ಹೆಚ್ಚು ತಳಿಯ ಕ್ಷಯಾಣುಗಳು ಒಟ್ಟಿಗೇ ಇದ್ದವು. ಸಿಕ್ಕದ್ದು ರೋಗಾಣುವಿನ ಡಿ.ಎನ್.ಎ. ಚೂರುಗಳು, ಅವು ಯಾರಿಗೂ ಅಂಟಲಾರವು. ಬೂಸ್ಟಿನ ಕಣಗಳ ಮಾತು ಬೇರೆ. ದಮ್ಮು ಇರುವವರು ಮಾಸ್ಕ್ ಹಾಕಿಕೊಂಡು, ಪಂಪ್ ಜೇಬಿನಲ್ಲಿಟ್ಟುಕೊಂಡು ಇಳಿಯಬೇಕು.

ಪ್ರಶ್ನೆ: ಶರಣಬಸವೇಶ್ವರರ ಗದ್ದುಗೆಗೆ ನಾವು ಹಣೆ ಹಚ್ಚಿ ನಮಸ್ಕರಿಸುತ್ತೇವೆ, ಬಂದೇ ನವಾಜರ ದರ್ಗಾದಲ್ಲಿ ಚಾದರ ಏರಿಸುತ್ತಾರೆ. ಒಳಗಿರುವವರನ್ನು ತೆರೆದು ನೋಡುವ ಆಸೆ ಯಾರಿಗೂ ಬರುವುದಿಲ್ಲ. ಸತ್ತವರನ್ನು ಟಿಕೆಟ್ ಇಟ್ಟು ತೋರಿಸುವುದು, ಅದನ್ನು ನಾವು ಹೋಗಿ ನೋಡುವುದು ತಪ್ಪಲ್ಲವೇ?
— ನಿವೃತ್ತ ಶಿಕ್ಷಕ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಗುರುಗಳೇ, ಈ ಪ್ರಶ್ನೆ ಡಬ್ಲಿನ್ನಿನಲ್ಲಿ ಮೆಟ್ಟಿಲು ಇಳಿಯುವಾಗ ನನ್ನನ್ನೂ ಕಾಡಿತ್ತು. ಎಲ್ಲ ಸ್ಥಳಗಳಿಗೂ ಒಂದೇ ಉತ್ತರ ಕೊಡಲು ನನ್ನಿಂದ ಆಗುವುದಿಲ್ಲ. ಇಟಲಿಯ ಪಲೆರ್ಮೊ ಊರಿನ ಕಪುಚಿನ್ ಮಠದಲ್ಲಿ ಹದಿನಾರನೆಯ ಶತಮಾನದ ಕೊನೆಯಿಂದ ಸನ್ಯಾಸಿಗಳ ದೇಹಗಳನ್ನು ಒಣಗಿಸಿ, ಬಟ್ಟೆ ತೊಡಿಸಿ, ಗೋಡೆಗೆ ನಿಲ್ಲಿಸುವ ರೂಢಿ ಬೆಳೆಯಿತು. ಮುಂದೆ ಊರಿನ ಗೃಹಸ್ಥರೂ ತಮ್ಮನ್ನು ಅಲ್ಲೇ ಇಡಬೇಕೆಂದು ಬಯಸಿದರು, ಮನೆಯವರು ಬಂದು ನೋಡಿ ಹೋಗುತ್ತಿದ್ದರು. ಅಲ್ಲಿ ಕಾಣಿಸಿಕೊಳ್ಳುವುದು ಅವರ ಇಚ್ಛೆಯೇ ಆಗಿತ್ತು. ವಾತ್ಸ್ ಊರಿನವರು ಮುಚ್ಚಳ ಹಾಕಿಸಿಕೊಂಡು ಮಲಗಿದವರು. ಅವರನ್ನು ತೆರೆದದ್ದು ನಾವು. ಡಬ್ಲಿನ್ನಿನ ಆ ನಾಲ್ವರನ್ನೂ ಯಾರೂ ಪ್ರದರ್ಶನಕ್ಕೆಂದು ಇಟ್ಟದ್ದಲ್ಲ, ಕಾಲ ಕಳೆದು ಮರದ ಪೆಟ್ಟಿಗೆಗಳು ಮುರಿದಾಗ ಒಳಗಿದ್ದವರು ಕಣ್ಣಿಗೆ ಬಿದ್ದರು.

ನನಗೆ ಟಿಕೆಟ್ಟಿಗಿಂತ ಹೆಚ್ಚು ನೋವು ಕೊಟ್ಟದ್ದು ಹೆಸರುಗಳು. ಆ ನಾಲ್ವರಲ್ಲಿ ಒಬ್ಬನಿಗೆ ಕೈ ಇಲ್ಲ, ಪಾದವೂ ಇಲ್ಲ. ಶಿಕ್ಷೆಯಾಗಿ ಕಡಿದಿರಬೇಕು ಎಂದುಕೊಂಡು ಅವನನ್ನು 'ಕಳ್ಳ' ಎಂದು ಕರೆಯುತ್ತ ಬಂದಿದ್ದಾರೆ. ಯಾವ ದಾಖಲೆಯೂ ಇಲ್ಲದೆ, ಬಾಯಿ ಬಿಡಲಾರದ ಮನುಷ್ಯನ ಮೇಲೆ ತಲೆತಲಾಂತರದಿಂದ ಕಳವಿನ ಆರೋಪ ಹೊರಿಸಿದಂತಾಯಿತು. ಜರ್ಮನಿಯ ಬ್ರೆಮೆನ್ ಚರ್ಚಿನಲ್ಲಿಯೂ ಹೀಗೆಯೇ ಆಗಿತ್ತು. ಛಾವಣಿಯ ಸೀಸ ಇಡುತ್ತಿದ್ದ ನೆಲಮಾಳಿಗೆಯಲ್ಲಿ 1698ರಲ್ಲಿ ಒಣಗಿದ ದೇಹಗಳು ಸಿಕ್ಕವು. ಒಬ್ಬನನ್ನು ಛಾವಣಿಯಿಂದ ಬಿದ್ದು ಸತ್ತ ಕೆಲಸಗಾರ ಎಂದು ಕಥೆ ಕಟ್ಟಿ ಶತಮಾನಗಳ ಕಾಲ ತೋರಿಸಿದರು. ಕೊನೆಗೆ ಎಕ್ಸ್‌-ರೇ ತೆಗೆದು ನೋಡಿದರೆ ಅವನ ಬೆನ್ನಿನಲ್ಲಿ ಬಂದೂಕಿನ ಗುಂಡು ಇತ್ತು.

ಕಲಿಸುತ್ತಿದ್ದ ದಿನಗಳ ಒಂದು ನೆನಪನ್ನು ಹೇಳುತ್ತೇನೆ. ವಾರಸುದಾರರಿಲ್ಲದ ವೃದ್ಧೆಯೊಬ್ಬರ ದೇಹ ನಮ್ಮ ವಿಭಾಗಕ್ಕೆ ಬಂದಿತ್ತು. ಹೊಸ ವಿದ್ಯಾರ್ಥಿಗಳು ಮೊದಲ ದಿನದ ಗಾಬರಿಯಲ್ಲಿ ಪಿಸುಗುಟ್ಟಿ ನಗುತ್ತಿದ್ದರು. ಮುಂಗೈಯನ್ನು ತಿರುಗಿಸಿದಾಗ, ಫಾರ್ಮಾಲಿನ್‌ನಲ್ಲಿ ಬಣ್ಣಗೆಟ್ಟ ಚರ್ಮದ ಮೇಲೆ ಹಸಿರು ಹಚ್ಚೆಯ ಒಂದು ಸಣ್ಣ ತೊಟ್ಟಿಲು ಕಂಡಿತು. ನಗು ತಾನಾಗಿಯೇ ನಿಂತಿತು. ಹುಡುಗಿಯೊಬ್ಬಳು, "ಸರ್, ನಮ್ಮ ಅಜ್ಜಿ ಕೈಯಾಗೂ ಇದೇ ತೊಟ್ಲ ಅದ" ಎಂದಳು. ಆ ವರ್ಷವಿಡೀ ಆ ಮೇಜಿನ ಸುತ್ತ ಯಾರೂ ಗಟ್ಟಿಯಾಗಿ ಮಾತನಾಡಿದ್ದು ನನಗೆ ನೆನಪಿಲ್ಲ. ಡಬ್ಲಿನ್ನಿನಲ್ಲಿ ಆ ಉಗುರನ್ನು ನೋಡಿದಾಗ ನೆನಪಾದದ್ದು ಈ ತೊಟ್ಟಿಲು.

ಆದ್ದರಿಂದ ಹೋಗುವುದು ತಪ್ಪು ಎಂದು ನಾನು ಹೇಳಲಾರೆ, ಆದರೆ ಕೈ ಕಟ್ಟಿಕೊಂಡು ಹೋಗಬೇಕು. ಇವರನ್ನು ಇಷ್ಟು ಕಾಲ ಉಳಿಸಿದ್ದು ಯಾರ ಗೊಡವೆಯೂ ಇಲ್ಲದ ಒಣ ಗಾಳಿ. ಕೆಡಿಸುತ್ತಿರುವುದು ನಮ್ಮ ಬರುವಿಕೆಯೇ. ಒಬ್ಬೊಬ್ಬ ಸಂದರ್ಶಕನ ಉಸಿರು, ಬೆವರು, ಒದ್ದೆ ಕೊಡೆ ಆ ಗಾಳಿಗೆ ತೇವ ಸೇರಿಸುತ್ತವೆ. ವಿಯೆನ್ನಾದ ನೆಲಮಾಳಿಗೆಯಲ್ಲಿ ತೇವ ಹೆಚ್ಚಿ, ಮರ ಕೊರೆಯುವ ಹುಳುಗಳು ಪೆಟ್ಟಿಗೆಗಳಿಗೆ ಬಿದ್ದು, ಹವೆಯನ್ನು ಯಂತ್ರದಿಂದ ಹತೋಟಿಯಲ್ಲಿಡಬೇಕಾಯಿತು. ಡಬ್ಲಿನ್ನಿನ ಯೋಧನ ಬೆರಳು ಮುಟ್ಟಿದರೆ ಅದೃಷ್ಟ ಎಂಬ ನಂಬಿಕೆಯಿಂದ ಎಷ್ಟೋ ಕೈಗಳು ಆ ಬೆರಳನ್ನು ಸವೆಸಿದವು. ಗದ್ದುಗೆಗೆ ಹಣೆ ಹಚ್ಚುವ ನಮಗೆ ಮುಟ್ಟಿ ನಮಸ್ಕರಿಸುವುದೇ ಗೌರವ. ಅಲ್ಲಿ ಮಾತ್ರ ಮುಟ್ಟದೆ ದೂರ ನಿಲ್ಲುವುದು ಗೌರವ.

ಪ್ರಶ್ನೆ: ಅಷ್ಟು ದೂರ ಹೋಗಲಾಗದವರಿಗೆ ನಮ್ಮ ದೇಶದಲ್ಲಿ ಇಂಥದ್ದು ಇದೆಯೇ?
— ಬಟ್ಟೆ ವ್ಯಾಪಾರಿ, ಹುಮನಾಬಾದ್

ಉತ್ತರ: ನೆಲಮಾಳಿಗೆಯಲ್ಲಿ ಅಲ್ಲದಿದ್ದರೂ ಹತ್ತಿರದ್ದು ಹಳೆ ಗೋವೆಯಲ್ಲಿದೆ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಚೀನಾ ಕರಾವಳಿಯ ಒಂದು ದ್ವೀಪದಲ್ಲಿ 1552ರ ಡಿಸೆಂಬರ್ 3ರಂದು ತೀರಿಕೊಂಡರು. ಮಾಂಸ ಬೇಗ ಕರಗಿ ಎಲುಬು ಮಾತ್ರ ಸಾಗಿಸಲು ಅನುಕೂಲವಾಗಲಿ ಎಂದು ಪೆಟ್ಟಿಗೆಗೆ ಸುಣ್ಣ ತುಂಬಿದ್ದರು. ಕೆಲವು ತಿಂಗಳ ನಂತರ ತೆಗೆದಾಗ ದೇಹ ಹಾಗೆಯೇ ಇತ್ತು. ಮಲಾಕ್ಕಾದ ಮೂಲಕ 1554ರಲ್ಲಿ ಅದನ್ನು ಗೋವೆಗೆ ತಂದರು. ಭಕ್ತರು ಇದನ್ನು ದೇವರ ಕೃಪೆ ಎಂದು ನಂಬುತ್ತಾರೆ. ಆ ನಂಬಿಕೆಯ ಎದುರು ಪ್ರಯೋಗಾಲಯದ ಮಾತು ತೆಗೆಯುವ ಅಗತ್ಯ ನನಗೆ ಕಾಣುವುದಿಲ್ಲ. ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಬೆಳ್ಳಿಯ ಪೆಟ್ಟಿಗೆಯಲ್ಲಿ ಎತ್ತರದ ಅಮೃತಶಿಲೆಯ ಪೀಠದ ಮೇಲೆ ಇಟ್ಟಿರುವುದರಿಂದ ಸಾಮಾನ್ಯ ದಿನಗಳಲ್ಲಿ ಕೆಳಗೆ ನಿಂತವರಿಗೆ ಹೆಚ್ಚು ಕಾಣುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ದರ್ಶನಕ್ಕೆ ಇಡುತ್ತಾರೆ. ಕಳೆದ ದರ್ಶನ 2024ರ ನವೆಂಬರ್‌ನಿಂದ 2025ರ ಜನವರಿಯವರೆಗೆ ನಡೆಯಿತು. ಹೋದಾಗ ಗೋಡೆಗಳನ್ನೂ ನೋಡಿ. ಬೀದರ್ ಕೋಟೆಯನ್ನು ಕಟ್ಟಿದ ಕೆಂಪು ಮುರಕಲ್ಲಿನ ಜಾತಿಯದೇ ಕಲ್ಲು ಅದು.

ಪ್ರಶ್ನೆ: ಮಕ್ಕಳನ್ನು ಕರೆದೊಯ್ಯಬಹುದೇ? ಫೋಟೊ ತೆಗೆಯಬಹುದೇ?
— ಸಾಫ್ಟ್‌ವೇರ್ ಉದ್ಯೋಗಿ, ಸುರಪುರ

ಉತ್ತರ: ಪಲೆರ್ಮೊದಲ್ಲಿ ಫೋಟೊಗೆ ಅನುಮತಿ ಇಲ್ಲ, ಉಳಿದ ಕಡೆ ಬಾಗಿಲಲ್ಲೇ ಕೇಳಿಕೊಳ್ಳಿ. ಅನುಮತಿ ಇದ್ದರೂ ಫ್ಲ್ಯಾಷ್ ಬೇಡ, ಮುಖದ ಪಕ್ಕದಲ್ಲಿ ನಿಂತು ಸೆಲ್ಫಿಯಂತೂ ಬೇಡವೇ ಬೇಡ. ಮಗುವಿಗೆ ಏಳೆಂಟು ವರ್ಷವಾಗಿದ್ದರೆ, ಮನೆಯಲ್ಲಿ ಅಜ್ಜನದೋ ಅಜ್ಜಿಯದೋ ಸಾವನ್ನು ಕಂಡಿದ್ದರೆ, ಏನು ನೋಡಲಿದ್ದೇವೆ ಎಂದು ಹಿಂದಿನ ದಿನವೇ ಸರಳವಾಗಿ ಹೇಳಿ. ಬರುವುದಿಲ್ಲ ಎಂದರೆ ಒತ್ತಾಯ ಬೇಡ, ಒಬ್ಬರು ಮೇಲೆ ಅಂಗಳದಲ್ಲಿ ಅದರ ಜೊತೆ ಉಳಿಯಿರಿ. ಇಳಿದ ಮೇಲೆ "ಇವರ ಹೆಸರೇನು?" ಎಂದು ಮಗು ಕೇಳಿದರೆ, ಫಲಕದ ಮೇಲಿನ ಅಡ್ಡಹೆಸರನ್ನು ಓದಿ ಹೇಳುವ ಬದಲು, ಇವರ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ ಎಂದು ಹೇಳಿ.